ಚೌತಿ ರಜೆಯ ಲೆಕ್ಕದ ಹಾಳೆ: ಮಕ್ಕಳ ಗ್ರಾಫ್ ತಪ್ಪಿದಾಗ ದೋಷವನ್ನು ಎಲ್ಲಿ ಹುಡುಕಬೇಕು

ಮುಂಬಯಿಯ ಕನ್ನಡ ಮನೆಗಳಲ್ಲಿಯೂ ಸಂಘಗಳ ಭಾನುವಾರದ ತರಗತಿಗಳಲ್ಲಿಯೂ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸ್ಪ್ರೆಡ್‌ಶೀಟ್ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಹಾಳೆ) ಮತ್ತು ಗ್ರಾಫ್ ಕಲಿಸುವುದಕ್ಕೆ ಚೌತಿಯ ರಜೆ ಬಹಳ ಅನುಕೂಲವಾದ ಕಾಲ. ಅಂಕಿಗಳಿಗಾಗಿ ಪುಸ್ತಕ ತೆರೆಯಬೇಕಾಗಿಲ್ಲ. ಡೊಂಬಿವಲಿಯಲ್ಲಾಗಲಿ ಘಾಟ್‌ಕೋಪರಿನಲ್ಲಾಗಲಿ ಹೌಸಿಂಗ್ ಸೊಸೈಟಿಯೊಂದರ ಗೇಟಿನಲ್ಲಿ ನಿಂತರೆ ಒಂದೂವರೆ ದಿನದ ಗಣಪತಿ, ಐದು ದಿನದ ಗಣಪತಿ, ಏಳು ದಿನದ ಗಣಪತಿ, ಅನಂತ ಚತುರ್ದಶಿಯವರೆಗೆ ಕೂರುವ ಗಣಪತಿ ಎಲ್ಲವೂ ವಿಸರ್ಜನೆಗೆ ಹೊರಡುವುದನ್ನು ಮಕ್ಕಳೇ ನೋಡಿ ಎಣಿಸಬಹುದು. ಮನೆಯೊಳಗೆ ತೆಂಗಿನಕಾಯಿ, ಬೆಲ್ಲ, ಹೂವು, ಮಖರ (ಗಣಪತಿ ಕೂರಿಸುವ ಅಲಂಕೃತ ಮಂಟಪ) ಎಂದು ಖರ್ಚಿನ ಪಟ್ಟಿ ತಾನಾಗಿಯೇ ಬೆಳೆಯುತ್ತಿರುತ್ತದೆ. ಹೀಗಾಗಿ ಈ ಚಟುವಟಿಕೆಗೆ ಎರಡು ಹಾಳೆ ಸಾಕು: ಯಾವ ದಿನ ಎಷ್ಟು ಗಣಪತಿಗಳ ವಿಸರ್ಜನೆಯಾಯಿತು ಎಂಬುದು ಒಂದರಲ್ಲಿ, ಹಬ್ಬದ ಖರ್ಚು ಇನ್ನೊಂದರಲ್ಲಿ.

ಈ ಬರಹ ಚಟುವಟಿಕೆಯನ್ನು ನಡೆಸುವ ವಿಧಾನವನ್ನು ಹೇಳುವುದಕ್ಕಲ್ಲ. ಮಗು ಅಂಕಿಗಳನ್ನೆಲ್ಲ ತುಂಬಿ, ಚಾರ್ಟ್ ಬಟನ್ ಒತ್ತಿ, ಪರದೆಯ ಮೇಲೆ ಬಂದದ್ದು ಸರಿಯಿಲ್ಲವೆಂದು ನಿಮ್ಮ ಮುಖ ನೋಡಿದಾಗ ಪಕ್ಕದಲ್ಲಿ ಕುಳಿತ ತಾಯಿತಂದೆಯರೋ ಶಿಕ್ಷಕರೋ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಗ್ರಾಫಿನಲ್ಲಿ ಕಾಣಿಸುವ ದೋಷ ಬಹುಪಾಲು ಗ್ರಾಫಿನಲ್ಲಿ ಹುಟ್ಟಿದ್ದಲ್ಲ. ಆದ್ದರಿಂದ ಗ್ರಾಫಿನಿಂದ ಹಿಂದಕ್ಕೆ ಹೋಗಬೇಕು: ಮೊದಲು ಗ್ರಾಫಿಗೆ ಆಯ್ದುಕೊಂಡ ಚೌಕಗಳು, ಅಂದರೆ ಸೆಲ್‌ಗಳು, ಆಮೇಲೆ ಆ ಸೆಲ್‌ಗಳಲ್ಲಿರುವ ವಸ್ತು ನಿಜವಾಗಿ ಸಂಖ್ಯೆಯೋ ಅಲ್ಲವೋ, ಆಮೇಲೆ ಫಾರ್ಮುಲಾ, ಕೊನೆಗೆ ಆ ಅಂಕಿಯನ್ನು ಮಗು ಎಣಿಸಿದ ಜಾಗ. ಬಣ್ಣ ಬದಲಿಸುವುದು, ಚಾರ್ಟ್ ಅಳಿಸಿ ಮತ್ತೆ ಹಾಕುವುದು ಇವುಗಳಿಂದ ಸಮಯ ಹೋಗುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ.

ಹುಡುಕಾಟ ಶುರುವಾಗುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ಕಂಪ್ಯೂಟರ್ ಮುಟ್ಟುವುದಕ್ಕೆ ಮುಂಚೆ ಮಗು ಚೌಕಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಆ ಗ್ರಾಫನ್ನು ಅಂದಾಜಿನಲ್ಲಿ ಬರೆದಿರಬೇಕು. ಯಾವ ಕಂಬ ಎಷ್ಟು ಎತ್ತರ ಬರಬೇಕೆಂದು ಮೊದಲೇ ಗೊತ್ತಿಲ್ಲದ ಮಗುವಿಗೆ ಪರದೆಯ ಮೇಲೆ ಬಂದದ್ದೆಲ್ಲವೂ ಸರಿಯೆಂದೇ ತೋರುತ್ತದೆ. ಈ ಕಾಗದ ಕೈಯಲ್ಲಿದ್ದರೆ "ಯಾವ ಕಂಬ ತಪ್ಪಿದೆ ಅನ್ನಿಸುತ್ತದೆ? ನೀನು ಎಷ್ಟು ಎತ್ತರ ಬರೆದಿದ್ದೆ?" ಎಂದು ಕೇಳಬಹುದು, ಮತ್ತು ಹುಡುಕಾಟ ಆ ಕಂಬದಿಂದಲೇ ಆರಂಭವಾಗುತ್ತದೆ. ಇನ್ನೊಂದು ಎಚ್ಚರಿಕೆಯೆಂದರೆ, ಏನನ್ನಾದರೂ ತಿದ್ದುವ ಮೊದಲು ಹಾಳೆಯ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಬೇಕು ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮುಂದೆ ಬರುವ ಸೆಲ್ ವಿಳಾಸಗಳನ್ನೂ ಲೆಕ್ಕ ಮಾಡುವ ಸಿದ್ಧ ಆಜ್ಞೆಗಳಾದ ಫಂಕ್ಷನ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆದಿದೆ. ಹಾಳೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬೆಲೆ ಮತ್ತು ಎಣಿಕೆಯ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಮೊತ್ತ ಕಡಿಮೆ ಬರುತ್ತದೆ, ಕೆಲವು ಕಂಬಗಳು ಏಳುವುದೇ ಇಲ್ಲ

ಖರ್ಚಿನ ಹಾಳೆಯಲ್ಲಿ ಎಂಟು ಸಾಲುಗಳಿವೆ ಎಂದಿಟ್ಟುಕೊಳ್ಳೋಣ: ತೆಂಗಿನಕಾಯಿ 200, ಬೆಲ್ಲ 80, ಅಕ್ಕಿಹಿಟ್ಟು 60, ಹೂವು 250, ಗರಿಕೆ 30, ಮಖರ 600, ಕರ್ಪೂರ ಮತ್ತು ಊದುಬತ್ತಿ 90, ಹಣ್ಣು 240. ಕೂಡಿದರೆ 1,550 ಆಗಬೇಕು. ಸಮ್ ಫಂಕ್ಷನ್ 460 ಎನ್ನುತ್ತದೆ. ಗ್ರಾಫಿನಲ್ಲಿ ಹೂವು, ಮಖರ, ಹಣ್ಣು ಇವುಗಳ ಜಾಗ ಖಾಲಿಯಾಗಿದೆ. ಎಲ್ಲಿಯೂ ಕೆಂಪು ಗುರುತಿಲ್ಲ, ತಪ್ಪಿನ ಸಂದೇಶವೂ ಇಲ್ಲ.

ಮಗು ಆ ಮೂರು ಸೆಲ್‌ಗಳಲ್ಲಿ "250 ರೂ" ಎಂಬಂತೆ ಟೈಪ್ ಮಾಡಿರುವುದೇ ಇದಕ್ಕೆ ಕಾರಣ. ಅಂಕಿಯ ಪಕ್ಕದಲ್ಲಿ ಅಕ್ಷರ ಸೇರಿದ ಕೂಡಲೇ ಸ್ಪ್ರೆಡ್‌ಶೀಟ್ ಅದನ್ನು ಬರಹವೆಂದು ಪರಿಗಣಿಸುತ್ತದೆ. ಸಮ್ ಫಂಕ್ಷನ್ ತನಗೆ ಕೊಟ್ಟ ವ್ಯಾಪ್ತಿಯಲ್ಲಿರುವ ಬರಹವನ್ನು ಸದ್ದಿಲ್ಲದೆ ಬಿಟ್ಟು ಉಳಿದ ಸಂಖ್ಯೆಗಳನ್ನು ಮಾತ್ರ ಕೂಡುತ್ತದೆ. ಅದೇ ಸೆಲ್‌ಗಳನ್ನು ಅಧಿಕ ಚಿಹ್ನೆಯಿಂದ ಒಂದಕ್ಕೊಂದು ಕೂಡಿಸಿದ್ದರೆ ವ್ಯಾಲ್ಯೂ ಎಂಬ ದೋಷ ಸಂದೇಶ ಬರುತ್ತಿತ್ತು. ಮಕ್ಕಳು ದೋಷ ಸಂದೇಶ ಕಂಡರೆ ಹೆದರುತ್ತಾರೆ, ಆದರೆ ಈ ಮೌನವೇ ಅದಕ್ಕಿಂತ ಅಪಾಯಕಾರಿ. 460 ರೂಪಾಯಿಯನ್ನು ನಂಬಿಕೊಂಡು ಮುಂದೆ ಹೋಗುವವರೇ ಹೆಚ್ಚು.

ಪರೀಕ್ಷೆ ಸುಲಭ. ಸಂಖ್ಯೆ ಸೆಲ್ಲಿನ ಬಲಕ್ಕೆ ಅಂಟಿಕೊಳ್ಳುತ್ತದೆ, ಬರಹ ಎಡಕ್ಕೆ. ಮಗು ಅಂದಕ್ಕಾಗಿ ಎಲ್ಲವನ್ನೂ ನಡುವಿಗೆ ತಂದಿದ್ದರೆ ಈ ಸುಳಿವು ಸಿಗುವುದಿಲ್ಲವಾದ್ದರಿಂದ ಮೊದಲು ಆ ಜೋಡಣೆಯನ್ನು ತೆಗೆಯಬೇಕು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಖಾಲಿ ಸೆಲ್‌ಗಳೆರಡರಲ್ಲಿ ಕೌಂಟ್ ಮತ್ತು ಕೌಂಟ್‌ಎ ಫಂಕ್ಷನ್‌ಗಳನ್ನು ಅದೇ ಕಾಲಮ್ಮಿಗೆ ಹಾಕಬೇಕು. ಕೌಂಟ್ ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಕೌಂಟ್‌ಎ ಖಾಲಿಯಲ್ಲದ ಎಲ್ಲ ಸೆಲ್‌ಗಳನ್ನೂ ಎಣಿಸುತ್ತದೆ. ಒಂದು 5, ಇನ್ನೊಂದು 8 ಎಂದರೆ ಮೂರು ಸೆಲ್‌ಗಳಲ್ಲಿ ಸಂಖ್ಯೆಯಲ್ಲದ್ದು ಕುಳಿತಿದೆ. ಆ ಮೂರು ಯಾವುವೆಂದು, ಸೆಲ್ಲಿನಲ್ಲಿರುವುದು ಸಂಖ್ಯೆಯೇ ಅಲ್ಲವೇ ಎಂದು ಹೇಳುವ ಇಸ್‌ನಂಬರ್ ಫಂಕ್ಷನ್ನನ್ನು ಪಕ್ಕದ ಕಾಲಮ್ಮಿನಲ್ಲಿ ಕೆಳಗಿನವರೆಗೆ ಎಳೆದರೆ ಗೊತ್ತಾಗುತ್ತದೆ. ಈ ಜೋಡಿ ಪರೀಕ್ಷೆಯನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿಬಿಡುವುದು ಒಳ್ಳೆಯದು. ಮಕ್ಕಳ ಹಾಳೆಗಳಲ್ಲಿ ಬರುವ ದೋಷಗಳಲ್ಲಿ ದೊಡ್ಡ ಪಾಲು ಇದರಿಂದಲೇ ಸಿಕ್ಕಿಬೀಳುತ್ತದೆ.

"ರೂ" ಇಲ್ಲದಿದ್ದರೂ ಇಸ್‌ನಂಬರ್ ಒಪ್ಪದ ಸಂದರ್ಭಗಳಿವೆ. ಕಿರಾಣಿ ಅಂಗಡಿಯ ಮರಾಠಿ ಬಿಲ್ಲಿನಲ್ಲಿ ದೇವನಾಗರಿ ಅಂಕಿಗಳಿದ್ದು ಮಗು ಅವನ್ನೇ ಫೋನಿನ ಕೀಬೋರ್ಡಿನಲ್ಲಿ ಹೊಡೆದಿರಬಹುದು, ಇಲ್ಲವೇ ಕನ್ನಡ ತರಗತಿಯ ಉತ್ಸಾಹದಲ್ಲಿ ಕನ್ನಡ ಅಂಕಿಗಳನ್ನು ಬಳಸಿರಬಹುದು. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ವಾಟ್ಸ್ಆ್ಯಪ್‌ನಿಂದ ಅಂಟಿಸಿದಾಗ ಜೊತೆಗೆ ಬಂದ ಜಾಗ, ಅಂಕಿಯ ಮುಂದೆ ಬಿದ್ದ ಒಂಟಿ ಉದ್ಧರಣ ಚಿಹ್ನೆ ಇವೂ ಸಾಮಾನ್ಯ.

ಎಕ್ಸೆಲ್‌ನಲ್ಲಿ ಹೀಗೆ ಬರಹವಾಗಿ ಕುಳಿತದ್ದನ್ನು ಫಾರ್ಮ್ಯಾಟ್ ಬದಲಿಸಿ ನಂಬರ್ ಎಂದು ಹೇಳಿದ ಮಾತ್ರಕ್ಕೆ ಅದು ಸಂಖ್ಯೆಯಾಗುವುದಿಲ್ಲ. ಮತ್ತೆ ಟೈಪ್ ಮಾಡಬೇಕು. ಎಂಟು ಸಾಲಿನ ಹಾಳೆಗೆ ಇದೇ ಸರಿಯಾದ ಪರಿಹಾರವೆಂದು ನನ್ನ ಅಭಿಪ್ರಾಯ. ಘಟಕ ಕಾಲಮ್ಮಿನ ತಲೆಬರಹಕ್ಕೆ ಹೋಗಬೇಕು: "ಬೆಲೆ, ರೂಪಾಯಿಗಳಲ್ಲಿ". ಸೆಲ್ಲಿನಲ್ಲಿಯೇ ₹ ಚಿಹ್ನೆ ಕಾಣಬೇಕೆಂದು ಮಗು ಹಟ ಹಿಡಿದರೆ ಕರೆನ್ಸಿ ಫಾರ್ಮ್ಯಾಟ್ ತೋರಿಸಿಕೊಡಿ. ಅದರಲ್ಲಿ ಸಂಖ್ಯೆ ಸಂಖ್ಯೆಯಾಗಿಯೇ ಉಳಿದು ಚಿಹ್ನೆ ಬರೀ ತೋರಿಕೆಗೆ ಸೇರುತ್ತದೆ.

ವಿಸರ್ಜನೆಯ ದಿನಾಂಕಗಳು ಆಗಸ್ಟಿಗೂ ನವೆಂಬರಿಗೂ ಹಾರುತ್ತವೆ

ಈ ದೋಷವನ್ನು ಒಂದು ನೈಜ ವರ್ಷವನ್ನಿಟ್ಟುಕೊಂಡೇ ನೋಡಬೇಕು. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ರಂದು ಬಂದಿತ್ತು, ಅನಂತ ಚತುರ್ದಶಿ ಸೆಪ್ಟೆಂಬರ್ 17ರಂದು. ಆ ಲೆಕ್ಕದಲ್ಲಿ ಒಂದೂವರೆ ದಿನದ ವಿಸರ್ಜನೆ 8ಕ್ಕೆ, ಮೂರನೆಯ ದಿನ 9, ಐದನೆಯ ದಿನ 11, ಏಳನೆಯ ದಿನ 13. ಮಗು ನಮ್ಮ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ ಎಂದು 8/9/2024, 9/9/2024, 11/9/2024, 13/9/2024, 17/9/2024 ಎಂದು ತುಂಬುತ್ತದೆ. ಹಾಳೆಯ ಲೊಕೇಲ್ (ಯಾವ ದೇಶದ ರೂಢಿ ಅನುಸರಿಸಬೇಕೆಂಬ ಸೆಟ್ಟಿಂಗ್) ಅಮೆರಿಕಕ್ಕೆ ಹೊಂದಿಕೊಂಡಿದ್ದರೆ ಮೊದಲನೆಯದು ಆಗಸ್ಟ್ 9 ಆಗುತ್ತದೆ, ಎರಡನೆಯದು ಅದೃಷ್ಟವಶಾತ್ ಸರಿಯಾಗಿಯೇ ಇರುತ್ತದೆ, ಮೂರನೆಯದು ನವೆಂಬರ್ 9 ಆಗುತ್ತದೆ, ಹದಿಮೂರನೆಯ ಮತ್ತು ಹದಿನೇಳನೆಯ ತಿಂಗಳು ಇಲ್ಲವಾದ್ದರಿಂದ ಕೊನೆಯ ಎರಡು ಬರಹವಾಗಿ ಎಡಕ್ಕೆ ಸರಿಯುತ್ತವೆ. ಗ್ರಾಫಿನಲ್ಲಿ ಹನ್ನೊಂದು ದಿನದ ಹಬ್ಬ ಮೂರು ತಿಂಗಳಿಗೆ ಹರಡಿಕೊಳ್ಳುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ನಿಂತಿದ್ದು, ಎಡಕ್ಕೆ ನಿಂತವೆಲ್ಲ 12ಕ್ಕಿಂತ ದೊಡ್ಡ ದಿನಗಳಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ, ದೋಷ ಲೊಕೇಲಿನದೇ.

ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲನ್ನು ಭಾರತಕ್ಕೆ ಬದಲಿಸಬೇಕು; ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್ ಈ ವಿಷಯದಲ್ಲಿ ವಿಂಡೋಸಿನ ರೀಜನ್ ಸೆಟ್ಟಿಂಗನ್ನು ಅನುಸರಿಸುತ್ತದೆ. ಆದರೆ ಈಗಾಗಲೇ ಆಗಸ್ಟ್ 9 ಎಂದು ನೋಂದಣಿಯಾದದ್ದು ಲೊಕೇಲ್ ಬದಲಿಸಿದ ಮೇಲೂ ಆಗಸ್ಟ್ 9 ಆಗಿಯೇ ಉಳಿಯುತ್ತದೆ; ಕಾಣುವ ರೂಪವಷ್ಟೇ ಬದಲಾಗುತ್ತದೆ. ಆದ್ದರಿಂದ ದಿನಾಂಕಗಳನ್ನು ಅಳಿಸಿ ಮತ್ತೆ ತುಂಬಬೇಕು. ಹಲವು ಮಕ್ಕಳು ಬೇರೆ ಬೇರೆ ಕಂಪ್ಯೂಟರುಗಳಿಂದ ಒಂದೇ ಹಾಳೆಗೆ ತುಂಬುವುದಾದರೆ 2024-09-08 ಎಂಬ ಕ್ರಮವನ್ನು ಎಲ್ಲರಿಗೂ ಕಲಿಸಿ. ವರ್ಷ ಮೊದಲು ಬರುವುದರಿಂದ ಅಲ್ಲಿ ಗೊಂದಲಕ್ಕೆ ಅವಕಾಶವಿಲ್ಲ.

ಕೆಲವೊಮ್ಮೆ ದಿನಾಂಕದ ಬದಲು 45543 ಎಂಬಂಥ ಐದಂಕಿಯ ಸಂಖ್ಯೆ ಕಾಣಿಸಿಕೊಂಡು ಮಕ್ಕಳು ಹಾಳೆ ಕೆಟ್ಟಿತೆಂದು ಕೂಗುತ್ತಾರೆ. ಏನೂ ಕೆಟ್ಟಿಲ್ಲ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸುತ್ತ ಬರುತ್ತದೆ, ಆ ಎಣಿಕೆಯಲ್ಲಿ 2024ರ ಸೆಪ್ಟೆಂಬರ್ 8 ಬರುವುದು 45543ಕ್ಕೆ. ಸೆಲ್ಲಿನ ಫಾರ್ಮ್ಯಾಟನ್ನು ಡೇಟ್ ಎಂದು ಮಾಡಿದರೆ ದಿನಾಂಕ ಮರಳುತ್ತದೆ. ಆದರೆ ತಕ್ಷಣ ಸರಿಪಡಿಸಬೇಡಿ. ಇಲ್ಲಿ ಸ್ವಲ್ಪ ನಿಲ್ಲುವುದು ಲಾಭದಾಯಕ. ಚೌತಿ 45542, ಅನಂತ ಚತುರ್ದಶಿ 45552, ಕಳೆದರೆ 10. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದರೆ 11 ದಿನಗಳು. ಹತ್ತು ದಿನದ ಗಣಪತಿ ಹನ್ನೊಂದನೆಯ ದಿನ ಹೊರಡುವುದು ಹೇಗೆಂದು ಮಗು ಕೇಳಿದರೆ, ದಿನಗಳ ನಡುವಿನ ಅಂತರಕ್ಕೂ ದಿನಗಳ ಎಣಿಕೆಗೂ ಇರುವ ವ್ಯತ್ಯಾಸವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಂದೂವರೆಯ ತೊಂದರೆ ಬೇರೆ. ಅರ್ಧವನ್ನು 1/2 ಎಂದು ಹೊಡೆದರೆ ಅದು ದಿನಾಂಕವಾಗಿ, ನಮ್ಮ ಲೊಕೇಲಿನಲ್ಲಿ ಫೆಬ್ರವರಿ 1 ಆಗಿಬಿಡುತ್ತದೆ. 1.5 ಎಂದು ದಶಮಾಂಶದಲ್ಲೇ ಬರೆಯುವ ಅಭ್ಯಾಸ ಮಾಡಿಸಬೇಕು.

ಅಂಕಿ ಸರಿಯಿದೆ, ಗ್ರಾಫ್ ಮಾತ್ರ ಬೇರೆಯೇ ಹೇಳುತ್ತಿದೆ

ವಿಸರ್ಜನೆಯ ಹಾಳೆಯಲ್ಲಿ ಒಂದೂವರೆ, ಮೂರು, ಐದು, ಏಳು, ಹನ್ನೊಂದು ದಿನಗಳಿಗೆ ಕ್ರಮವಾಗಿ 14, 3, 9, 4, 6 ಎಂಬ ಎಣಿಕೆಗಳೂ ಕೆಳಗೆ ಒಟ್ಟು 36 ಎಂಬ ಸಾಲೂ ಇವೆ. ಪೈ ಚಾರ್ಟಿನಲ್ಲಿ ಒಂದು ಹೋಳು ಕರಾರುವಾಕ್ಕಾಗಿ ಅರ್ಧ ವೃತ್ತವನ್ನು ಆಕ್ರಮಿಸಿದ್ದರೆ ನೇರವಾಗಿ ಒಟ್ಟು ಸಾಲನ್ನು ನೋಡಿ. ಚಾರ್ಟಿಗೆ ಆಯ್ದುಕೊಳ್ಳುವಾಗ ಅದೂ ಸೇರಿಹೋಗಿದೆ. 36ಕ್ಕೆ 36 ಸೇರಿ 72 ಆಗಿ, ಒಟ್ಟು ಎಂಬುದೇ ಅರ್ಧವಾಗಿದೆ. ಒಂದೂವರೆ ದಿನದ ಗಣಪತಿಗಳ ಪಾಲು ಶೇ. 38.9 ಇರಬೇಕಾದದ್ದು ಶೇ. 19.4ಕ್ಕೆ ಇಳಿದಿರುತ್ತದೆ. ಒಟ್ಟು ಸಾಲಿನ ಮೇಲೆ ಒಂದು ಸಾಲು ಖಾಲಿ ಬಿಟ್ಟರೆ ಈ ದೋಷ ಬರುವುದು ಕಡಿಮೆ.

ಇದೇ ಎಣಿಕೆಗೆ ಮಗು ಎಕ್ಸೆಲ್‌ನಲ್ಲಿ ಲೈನ್ ಚಾರ್ಟ್ ಆರಿಸಿದರೆ ಇನ್ನೂ ಸೂಕ್ಷ್ಮವಾದ ತಪ್ಪು ಆಗುತ್ತದೆ. 1.5, 3, 5, 7, 11 ಎಂಬ ದಿನಗಳು ಕೆಳಗಿನ ಅಕ್ಷದಲ್ಲಿ ಸಮಾನ ಅಂತರದಲ್ಲಿ ನಿಲ್ಲುತ್ತವೆ, ಏಕೆಂದರೆ ಲೈನ್ ಚಾರ್ಟ್ ಅವನ್ನು ಸಂಖ್ಯೆಗಳೆಂದು ಅಳೆಯದೆ ಹೆಸರುಗಳಂತೆ ಸಾಲಾಗಿ ಜೋಡಿಸುತ್ತದೆ. ಏಳರಿಂದ ಹನ್ನೊಂದಕ್ಕೆ ಇರುವ ನಾಲ್ಕು ದಿನವೂ, ಒಂದೂವರೆಯಿಂದ ಮೂರಕ್ಕೆ ಇರುವ ಒಂದೂವರೆ ದಿನವೂ ಒಂದೇ ಅಗಲವಾಗುತ್ತವೆ. ಅಂತರ ನಿಜವಾಗಿ ತೋರಬೇಕಾದರೆ ಚುಕ್ಕಿಗಳನ್ನು ಸಂಖ್ಯೆಗೆ ತಕ್ಕ ಅಂತರದಲ್ಲಿಡುವ ಸ್ಕ್ಯಾಟರ್ ಚಾರ್ಟ್ ಬಳಸಬೇಕು. ಅದಕ್ಕೂ ಮೊದಲು ಚುಕ್ಕಿಗಳನ್ನು ಗೆರೆಯಿಂದ ಸೇರಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಮಗುವಿಗೇ ಕೇಳಿ. ಐದನೆಯ ದಿನದ 9ರಿಂದ ಏಳನೆಯ ದಿನದ 4ಕ್ಕೆ ಎಳೆದ ಗೆರೆ ಆರನೆಯ ದಿನ ಆರೇಳು ಗಣಪತಿಗಳು ಹೊರಟವೆಂದು ಸೂಚಿಸುತ್ತದೆ. ಹಾಳೆಯಲ್ಲಿ ಅಂಥ ಎಣಿಕೆಯೇ ಇಲ್ಲ. ಬಿಡಿಬಿಡಿಯಾದ ಎಣಿಕೆಗೆ ಕಂಬಗಳೇ ಸರಿ. ಅಂದಿನವರೆಗೆ ಒಟ್ಟು ಎಷ್ಟಾಯಿತು ಎಂಬ ಸಂಚಿತ ಲೆಕ್ಕ ಮಾಡಿದಾಗ, 14, 17, 26, 30, 36 ಎಂದು ಏರುವುದಕ್ಕೆ ಗೆರೆ ಒಪ್ಪುತ್ತದೆ.

ಮೂರು ವರ್ಷಗಳ ಮೋದಕದ ಬೆಲೆಯನ್ನು ಹೋಲಿಸುವ ಮಕ್ಕಳಿಗೆ ಎಕ್ಸೆಲ್‌ನಲ್ಲಿ ಬೇರೊಂದು ಸಮಸ್ಯೆ ಎದುರಾಗುತ್ತದೆ. ಅಕ್ಷ 2,500ರವರೆಗೆ ಏರಿ, ಎತ್ತರದ ಮೂರು ಕಂಬಗಳು ಸಾಲಾಗಿ ನಿಂತು, 25, 28, 30 ರೂಪಾಯಿಯ ಕಂಬಗಳು ನೆಲಕ್ಕೆ ಅಂಟಿದ ಗೆರೆಯಂತೆ ಕಂಡರೆ, 2022, 2023, 2024 ಎಂಬ ವರ್ಷಗಳನ್ನೇ ಎಕ್ಸೆಲ್ ಬೆಲೆಯಂತೆ ಚಿತ್ರಿಸಿದೆ ಎಂದರ್ಥ. ವರ್ಷದ ಕಾಲಮ್ಮಿನ ಮೇಲಿರುವ ತಲೆಬರಹವನ್ನು ಅಳಿಸಿ ಮೂಲೆಯ ಸೆಲ್ ಖಾಲಿ ಬಿಟ್ಟು ಚಾರ್ಟನ್ನು ಹೊಸದಾಗಿ ಹಾಕಿದರೆ ಸರಿಹೋಗುತ್ತದೆ.

ಎಡಗಡೆಯ ಅಕ್ಷ ಸೊನ್ನೆಯಿಂದ ಆರಂಭವಾಗಿದೆಯೇ ಎಂಬುದನ್ನು ಪ್ರತಿ ಕಂಬದ ಗ್ರಾಫಿನಲ್ಲಿಯೂ ನೋಡಬೇಕು. ಮೂರು ಅಂಗಡಿಗಳಲ್ಲಿ ಲಾಡು ಕಿಲೋಗೆ 480, 500, 520 ಇದ್ದು ಅಕ್ಷ 470ರಿಂದ ಶುರುವಾದರೆ ಮೂರನೆಯ ಕಂಬ ಮೊದಲನೆಯದರ ಐದರಷ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ನಲವತ್ತು ರೂಪಾಯಿ. ಅಕ್ಷದ ಕನಿಷ್ಠ ಮೌಲ್ಯವನ್ನು ಕೈಯಾರೆ ಸೊನ್ನೆ ಮಾಡಬೇಕು.

ಒಂದೇ ವಸ್ತು ಎರಡು ಕಂಬಗಳಾಗಿ ಒಡೆಯುತ್ತದೆ

ಮುಂಬಯಿಯ ಮಕ್ಕಳ ಹಾಳೆಗಳಲ್ಲಿ ಇದು ಹೆಚ್ಚು. ಒಂದು ಮಗು ತೆಂಗಿನಕಾಯಿ ಎಂದು ಬರೆಯುತ್ತದೆ, ಇನ್ನೊಂದು ಕಾಯಿ ಎನ್ನುತ್ತದೆ, ಮತ್ತೊಂದು ಅಂಗಡಿಯವನ ಬಾಯಲ್ಲಿ ಕೇಳಿದಂತೆ ನಾರಳ್ ಎನ್ನುತ್ತದೆ. ಹೆಸರು ಹಿಡಿದು ಎಣಿಸುವ ಕೌಂಟ್‌ಇಫ್‌ಗೂ ಹೆಸರಿನಂತೆ ಗುಂಪು ಮಾಡುವ ಪಿವಟ್ ಟೇಬಲ್ಲಿಗೂ ಇವು ಮೂರು ಬೇರೆ ವಸ್ತುಗಳು. ಇಷ್ಟಾದರೆ ಕಣ್ಣಿಗೆ ಕಾಣುತ್ತದೆ. ಎರಡು ಕಡೆಯೂ ಕಾಯಿ ಎಂದೇ ಇದ್ದು ಕಂಬ ಒಡೆದಿದ್ದರೆ ಲೆನ್ ಫಂಕ್ಷನ್ ಬಳಸಿ ಅಕ್ಷರಗಳ ಉದ್ದ ನೋಡಬೇಕು. ಕಾಯಿ ಎಂಬುದಕ್ಕೆ 4 ಬರಬೇಕು. ಸ್ವರದ ಗುಣಿತ ಚಿಹ್ನೆಗಳನ್ನು ಕಂಪ್ಯೂಟರ್ ಬೇರೆಯಾಗಿಯೇ ಎಣಿಸುವುದರಿಂದ ಎರಡು ಅಕ್ಷರಕ್ಕೆ ನಾಲ್ಕು. ಎಲ್ಲಿಯಾದರೂ 5 ಬಂದರೆ ಕೊನೆಯಲ್ಲಿ ಕಾಣದ ಜಾಗವೊಂದು ಉಳಿದಿದೆ ಎಂದು ತಿಳಿಯಬೇಕು. ಟ್ರಿಮ್ ಫಂಕ್ಷನ್ ಅದನ್ನು ತೆಗೆಯುತ್ತದೆ. ಟ್ರಿಮ್ ಮಾಡಿದ ಮೇಲೂ 5 ಉಳಿದರೆ, ಒತ್ತಕ್ಷರ ಬಿಡಿಸಲು ಕೀಬೋರ್ಡ್ ಸೇರಿಸುವ ಅದೃಶ್ಯ ಚಿಹ್ನೆಯೋ ವೆಬ್ ಪುಟದಿಂದ ಅಂಟಿಸಿದ ಬೇರೆ ಬಗೆಯ ಜಾಗವೋ ಇರುತ್ತದೆ. ಹೊಸದಾಗಿ ಟೈಪ್ ಮಾಡುವುದೇ ಬೇಗ. ಮುಂದಿನ ಸಲಕ್ಕೆ ಡೇಟಾ ವ್ಯಾಲಿಡೇಶನ್‌ನಿಂದ ಹೆಸರುಗಳ ಪಟ್ಟಿ ಮಾಡಿಕೊಟ್ಟು ಅದರಿಂದಲೇ ಆರಿಸುವಂತೆ ಮಾಡಬಹುದು.

ಹಿರಿಯರ ಹಳೆಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಮಗುವಿನ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯೂನಿಕೋಡಿಗೆ ಬದಲಿಸದೆ ಇದಕ್ಕೆ ಪರಿಹಾರವಿಲ್ಲ.

ಮೊದಲ ಸಾಲು ಸರಿ, ಉಳಿದವೆಲ್ಲ ಸೊನ್ನೆ

21 ಮೋದಕಕ್ಕೆ ಬೇಕಾದ ಸಾಮಗ್ರಿಯನ್ನು ಬಿ ಕಾಲಮ್ಮಿನಲ್ಲಿ ಬರೆದು, ಎಷ್ಟು ಪಟ್ಟು ಮಾಡಬೇಕೆಂಬುದನ್ನು ಎಫ್1 ಸೆಲ್ಲಿನಲ್ಲಿಟ್ಟು, ಮಗು =ಬಿ2*ಎಫ್1 ಎಂದು ಬರೆದು ಕೆಳಕ್ಕೆ ಎಳೆದಿದೆ. ಎಳೆದಾಗ ಎರಡು ವಿಳಾಸಗಳೂ ಕೆಳಗಿಳಿದು ಮುಂದಿನ ಸಾಲು =ಬಿ3*ಎಫ್2 ಆಗುತ್ತದೆ; ಎಫ್2 ಖಾಲಿ, ಉತ್ತರ ಸೊನ್ನೆ. =ಬಿ2*$ಎಫ್$1 ಎಂದು ಬರೆದರೆ ಎಫ್1 ಕದಲುವುದಿಲ್ಲ. ತಪ್ಪಿದ ಸೆಲ್ಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಫಾರ್ಮುಲಾ ಯಾವ ಸೆಲ್‌ಗಳನ್ನು ಹಿಡಿದಿದೆ ಎಂಬುದು ಬಣ್ಣದ ಚೌಕಟ್ಟಿನಲ್ಲಿ ಕಾಣುತ್ತದೆ. ಡಾಲರ್ ಚಿಹ್ನೆಯ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಖಾಲಿ ಸೆಲ್ಲನ್ನು ಸುತ್ತುವರಿದ ಆ ಚೌಕಟ್ಟನ್ನು ಮಗು ತಾನೇ ಕಂಡುಹಿಡಿಯುವಂತೆ ಬಿಡಿ.

ಹೆಸರುಗಳಿಗೂ ಅಂಕಿಗಳಿಗೂ ಸಂಬಂಧ ತಪ್ಪಿಹೋಗಿ, ಗರಿಕೆಗೆ 600 ರೂಪಾಯಿ ಎಂದು ತೋರಿಸುತ್ತಿದ್ದರೆ ಮಗು ಒಂದೇ ಕಾಲಮ್ಮನ್ನು ಆರಿಸಿ ಸಾರ್ಟ್ ಮಾಡಿದೆ (ಏರಿಕೆ ಇಳಿಕೆಯ ಕ್ರಮದಲ್ಲಿ ಜೋಡಿಸಿದೆ). ಕೂಡಲೇ ಅನ್‌ಡೂ ಮಾಡಬೇಕು. ತಡವಾದರೆ ಗೂಗಲ್ ಶೀಟ್ಸ್‌ನ ಹಳೆಯ ಆವೃತ್ತಿಗಳಲ್ಲಿ ಹುಡುಕಬಹುದು, ಅಥವಾ ಆರಂಭದಲ್ಲಿ ತೆಗೆದಿಟ್ಟ ಪ್ರತಿಗೆ ಮರಳಬೇಕು.

ಯಾವ ಫಾರ್ಮುಲಾಕ್ಕೂ ಸಿಗದ ದೋಷ

ಸೊಸೈಟಿಯ ಬಿ ವಿಂಗ್, ಅಂದರೆ ಕಟ್ಟಡದ ಒಂದು ಭಾಗವನ್ನು, ನೋಡಿಕೊಳ್ಳುತ್ತಿದ್ದ ಮಗು ಹಬ್ಬಕ್ಕೆ ಊರಿಗೆ ಹೋದದ್ದರಿಂದ ಐದನೆಯ ದಿನದ ಎಣಿಕೆ ನಡೆಯಲಿಲ್ಲ. ಆ ಸೆಲ್ಲಿನಲ್ಲಿ ಇನ್ನಾರೋ ಸೊನ್ನೆ ಹಾಕಿದರು. ನಾಲ್ಕು ವಿಂಗ್‌ಗಳ 4, 0, 2, 3 ಎಂಬ ಎಣಿಕೆಗೆ ಸರಾಸರಿ 2.25, ಅದೇ ಸೆಲ್ ಖಾಲಿ ಬಿಟ್ಟರೆ 3, ಏಕೆಂದರೆ ಆ್ಯವರೇಜ್ ಫಂಕ್ಷನ್ ಖಾಲಿ ಸೆಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. "ಇರಲಿಲ್ಲ" ಎಂಬುದಕ್ಕೂ "ನೋಡಲಿಲ್ಲ" ಎಂಬುದಕ್ಕೂ ಇರುವ ಅಂತರವನ್ನು ಮಕ್ಕಳು ಇಲ್ಲಿ ಕಲಿಯಬೇಕು. ಸೊನ್ನೆ ಕಂಡಲ್ಲೆಲ್ಲ ಆ ಅಂಕಿಯನ್ನು ಬರೆದವರು ಯಾರೆಂದು ಕೇಳಿ.

ಕೌಂಟ್, ಇಸ್‌ನಂಬರ್, ಲೆನ್ ಎಲ್ಲವೂ ಸರಿಯೆಂದ ಮೇಲೂ ಗ್ರಾಫ್ ಕಾಗದದ ಅಂದಾಜಿಗಿಂತ ತೀರಾ ದೂರವಿದ್ದರೆ ಎಣಿಸಿದ ಜಾಗಕ್ಕೇ ಹೋಗಬೇಕಾಗುತ್ತದೆ. ವಿಂಗಿನ ಲಿಫ್ಟಿನ ಬಳಿ ನಿಂತವನೂ ಗೇಟಿನ ಬಳಿ ನಿಂತವಳೂ ಒಂದೇ ಮೂರ್ತಿಯನ್ನು ಎರಡು ಬಾರಿ ಎಣಿಸಿರಬಹುದು. ಪಾಲಿಕೆಯ ಕೃತಕ ಕೊಳದ ಹತ್ತಿರ ಎಣಿಸಿದವರ ಲೆಕ್ಕದಲ್ಲಿ ಪಕ್ಕದ ಸೊಸೈಟಿಗಳ ಗಣಪತಿಗಳೂ ಸೇರಿರುತ್ತವೆ. ಗಣಪತಿಯೊಂದಿಗೆ ಹೊರಟ ಗೌರಿಯನ್ನು ಒಬ್ಬರು ಎಣಿಸಿ ಇನ್ನೊಬ್ಬರು ಬಿಟ್ಟಿರಬಹುದು. ಸೊಸೈಟಿಯ ಸಾರ್ವಜನಿಕ ಗಣಪತಿ ಮನೆಯ ಗಣಪತಿಗಳ ಜೊತೆ ಸೇರಿತೇ ಇಲ್ಲವೇ ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಈ ನಿಯಮಗಳನ್ನು ಚೌತಿಯ ಹಿಂದಿನ ದಿನ ಮಕ್ಕಳೇ ಕೂತು ಬರೆದು ಹಾಳೆಯ ಮೊದಲ ಟ್ಯಾಬ್‌ನಲ್ಲಿ ಇಡಲಿ. ಒಂದೂವರೆ ದಿನದ ವಿಸರ್ಜನೆಯ ಸಂಜೆ ಇಬ್ಬರು ಮಕ್ಕಳನ್ನು ಒಂದೇ ಗೇಟಿನಲ್ಲಿ, ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡದಂತೆ, ಅರ್ಧ ಗಂಟೆ ಎಣಿಸಲು ನಿಲ್ಲಿಸಿ. ಎರಡು ಚೀಟಿಗಳು ಹೊಂದದಿದ್ದರೆ ಯಾವ ನಿಯಮ ಅಸ್ಪಷ್ಟವಾಗಿದೆ ಎಂಬುದು ಅಂದೇ ಗೊತ್ತಾಗಿ, ಐದನೆಯ ದಿನದೊಳಗೆ ತಿದ್ದಿಕೊಳ್ಳಲು ಸಮಯವಿರುತ್ತದೆ. ಎಣಿಕೆಯ ಕಾಲಮ್ಮಿನ ಪಕ್ಕದಲ್ಲಿ ಎಣಿಸಿದವರ ಹೆಸರು, ನಿಂತ ಜಾಗ, ಆರಂಭಿಸಿದ ವೇಳೆ, ಮುಗಿಸಿದ ವೇಳೆ ಎಂದು ನಾಲ್ಕು ಕಾಲಮ್ಮುಗಳನ್ನು ಸೇರಿಸಿ, ಅವು ತುಂಬದ ಸಾಲನ್ನು ಗ್ರಾಫಿಗೆ ತೆಗೆದುಕೊಳ್ಳಬೇಡಿ.